ಗಾಲಿಕುರ್ಚಿಯ ಮೆತ್ತೆ: ಆಯ್ಕೆ ಮತ್ತು ಹೊಣೆ

ಮೈಸೂರಿನ ಕೆಸರೆಯಲ್ಲಿ ಕುಷನ್ ಕೆಲಸ ಮಾಡುವವರ ಬಳಿಗೆ ಗಾಲಿಕುರ್ಚಿಗೊಂದು ಮೆತ್ತೆ ಬೇಕೆಂದು ಗ್ರಾಹಕರು ಬಂದರೆ, ಸೋಫಾದ ಫೋಮನ್ನೇ ಕತ್ತರಿಸಿ, ಬಿಗಿಯಾಗಿ ರೆಕ್ಸಿನ್ ಹೊದಿಸಿ ಕೊಡುವುದು ಸುಲಭ. ಆದರೆ ಈ ಸುಲಭ ಮಾರ್ಗದಲ್ಲಿ ಅಪಾಯವಿದೆ.

ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಕುಳಿತ ಭಾಗದಲ್ಲಿ ಸ್ಪರ್ಶಜ್ಞಾನವಿರದು. ದೇಹದ ಭಾರವು ಆಸನದ ಎರಡು ಎಲುಬುಗಳ ಕೆಳಗೆ ಕೇಂದ್ರೀಕೃತವಾದಾಗ ರಕ್ತಸಂಚಾರ ಕುಂದಿ ಹುಣ್ಣಾಗುತ್ತದೆ. ಅದು ಮಾಯಲು ತಿಂಗಳುಗಳೇ ಹಿಡಿಯಬಹುದು; ಅಷ್ಟು ಕಾಲ ಆ ವ್ಯಕ್ತಿಯ ದುಡಿಮೆಯೂ ನಿಲ್ಲುತ್ತದೆ.

ಮೆತ್ತೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಫೋಮ್ ಹಗುರ, ಅಗ್ಗ. ಆದರೆ ಕಾಲಕ್ರಮದಲ್ಲಿ ಕುಸಿಯುವುದರಿಂದ ಬದಲಿಸಲೇಬೇಕು. ಜೆಲ್ ಒತ್ತಡವನ್ನು ಹಂಚುತ್ತದೆ, ತೂಕ ಹೆಚ್ಚು. ಗಾಳಿಕೋಶಗಳ ಮೆತ್ತೆ ಹೆಚ್ಚು ಅಪಾಯವಿರುವವರಿಗೆ ಉಪಯುಕ್ತ. ಆದರೆ ಗಾಳಿಯನ್ನು ದಿನವೂ ಪರೀಕ್ಷಿಸಬೇಕು. ಕುಳಿತವರ ಎಲುಬಿಗೂ ತಳಕ್ಕೂ ನಡುವೆ ಸುಮಾರು 1.5ರಿಂದ 2.5 ಸೆಂ.ಮೀ. ಅಂತರವಿರುವುದು ಅಪೇಕ್ಷಣೀಯ. ನಡುವೆ ರಂಧ್ರವಿರುವ ಬಳೆಯಾಕಾರದ ಮೆತ್ತೆ ಸಲ್ಲದು. ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ.

ತಯಾರಕರು ಸೊಂಟದ ಅಗಲ ಹಾಗೂ ತೊಡೆಯ ಉದ್ದವನ್ನು ಅಳೆಯಬೇಕು. ಮೊಣಕಾಲಿನ ಹಿಂಬದಿಗೆ ಅಂಚು ಒತ್ತಬಾರದು. ಹೊದಿಕೆಯು ಎಳೆತಕ್ಕೆ ಬಗ್ಗುವಂತಿದ್ದು, ಗಾಳಿಯಾಡುವ, ತೆಗೆದು ಒಗೆಯಬಹುದಾದ ಬಟ್ಟೆಯದಾಗಿರಲಿ. ಮೆತ್ತೆ ಎತ್ತರವಾದರೆ ಕಾಲಾಸರೆಯನ್ನೂ ಹೊಂದಿಸಬೇಕಾಗುತ್ತದೆ.

ಉತ್ತಮ ಮೆತ್ತೆಯಿದ್ದರೂ ಆಗಾಗ್ಗೆ ಭಾರ ಬದಲಿಸುವುದು ಅನಿವಾರ್ಯ. ಈಗಾಗಲೇ ಗಾಯವಿರುವವರನ್ನು ಮೊದಲು ವೈದ್ಯರಲ್ಲಿಗೆ ಕಳುಹಿಸುವುದೇ ಪ್ರಾಮಾಣಿಕ ವ್ಯಾಪಾರ. ಅಳತೆ ಪಡೆದು ಮಾರಿದ ವರ್ತಕರನ್ನು ಗ್ರಾಹಕರು ಮರೆಯುವುದಿಲ್ಲ.