ಅವಳದ್ದು ‘ಬಿ’, ಇವನದ್ದು ‘ಸಿ’!

‘ಹದಿನೇಳನೇದಕ್ಕೆ ಏನು ಹಾಕ್ದೆ?’ ‘ಬಿ.’ ‘ಅಯ್ಯೋ, ನಾನು ಸಿ ಹಾಕ್ಬಿಟ್ಟೆ ಕಣೇ!’ ಅಷ್ಟೇ, ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಪರೀಕ್ಷೆ ಬರೆದವರಿಗೆಲ್ಲ ಗೊತ್ತಿರುವ ಸಂಕಟ ಇದು. ಅಮೆರಿಕದ ಹೈಸ್ಕೂಲ್ ಮಕ್ಕಳೂ ಇದಕ್ಕೆ ಹೊರತಲ್ಲ. ಅಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ‘ಎಪಿ ಯುಎಸ್ ಹಿಸ್ಟರಿ’ ಪರೀಕ್ಷೆ ಮುಗಿದಾಗಲೂ ಇದೇ ತಳಮಳ.

ಪರೀಕ್ಷೆ ಸಣ್ಣದೇನಲ್ಲ. ಒಟ್ಟು 3 ಗಂಟೆ 15 ನಿಮಿಷ. ಮೊದಲು 55 ನಿಮಿಷಕ್ಕೆ 55 ಬಹುಆಯ್ಕೆ ಪ್ರಶ್ನೆಗಳು. ನಂತರ 3 ಕಿರು ಉತ್ತರ, 7 ದಾಖಲೆಗಳನ್ನು ಓದಿ ಬರೆಯುವ ಒಂದು ಪ್ರಬಂಧ, ಜತೆಗೆ ಇನ್ನೊಂದು ದೀರ್ಘ ಪ್ರಬಂಧ. ಫಲಿತಾಂಶ 1ರಿಂದ 5ರವರೆಗಿನ ಒಂದೇ ಒಂದು ಅಂಕಿ. 3, 4 ಅಥವಾ 5 ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಅಲ್ಲಿನ ಕಾಲೇಜು ಶುಲ್ಕ ಬಲ್ಲವರಿಗೆ ಆ ಅಂಕಿಯ ಬೆಲೆ ಗೊತ್ತು.

ಸ್ನೇಹಿತರ ಜತೆ ಕೂತು ಉತ್ತರ ತಾಳೆ ನೋಡೋಣ ಎಂದರೆ ಅದಕ್ಕೂ ಬೇಲಿ ಇದೆ. ಬಹುಆಯ್ಕೆ ಪ್ರಶ್ನೆಗಳನ್ನು ಯಾರೊಂದಿಗೂ, ಯಾವತ್ತೂ ಚರ್ಚಿಸುವುದಿಲ್ಲ ಎಂಬ ಷರತ್ತಿಗೆ ಒಪ್ಪಿಯೇ ಪರೀಕ್ಷೆಗೆ ಕೂರಬೇಕು. ಮೀರಿದರೆ ಅಂಕವೇ ರದ್ದಾಗಬಹುದು. ಇದಕ್ಕೆ ಕಾರಣವೂ ಇದೆ. ಕೆಲವು ಪ್ರಶ್ನೆಗಳು ಮುಂದೆ ಮತ್ತೆ ಬಳಕೆಯಾಗಬಹುದು. ಅಲ್ಲದೆ ನ್ಯೂಯಾರ್ಕ್‌ಗೂ ಕ್ಯಾಲಿಫೋರ್ನಿಯಾಗೂ 3 ಗಂಟೆ ಅಂತರ. ಇಲ್ಲಿ ಮುಗಿಸಿದವರು ಬಾಯಿಬಿಟ್ಟರೆ ಅಲ್ಲಿ ಇನ್ನೂ ಬರೆಯಬೇಕಾದವರ ಕಿವಿಗೆ ಬೀಳಬಹುದು. ನಮ್ಮಲ್ಲಿ ಸಿಇಟಿ ಮುಗಿದ ಮೇಲೆ ಕೆಇಎ ತಾನೇ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಅಲ್ಲಿನ ಮಕ್ಕಳು ಮಾತ್ರ ಫಲಿತಾಂಶಕ್ಕಾಗಿ ಜುಲೈವರೆಗೆ ಕಾಯಬೇಕು.

ಪ್ರಬಂಧದ ವಿಷಯವೇ ಬೇರೆ. ಪರೀಕ್ಷೆಯ ನಂತರ ಬೋರ್ಡ್ ಪ್ರಕಟಿಸುವ ಪ್ರಬಂಧದ ಪ್ರಶ್ನೆಗಳನ್ನು ಮುಕ್ತವಾಗಿ ಚರ್ಚಿಸಬಹುದು. ಉದಾಹರಣೆಗೆ, 2018ರ ಪ್ರಶ್ನೆ: 1865ರಿಂದ 1910ರ ನಡುವೆ ಜಗತ್ತಿನಲ್ಲಿ ಅಮೆರಿಕದ ಪಾತ್ರ ಹಿಗ್ಗಲು ಇದ್ದ ಕಾರಣಗಳಲ್ಲಿ ಯಾವುದು ಎಷ್ಟು ಮುಖ್ಯ? ಒಬ್ಬಳು ‘ಕಾರ್ಖಾನೆಗಳ ಸರಕಿಗೆ ಹೊರಗಿನ ಮಾರುಕಟ್ಟೆ ಬೇಕಿತ್ತು, ಚೀನಾ ವ್ಯಾಪಾರದ ಮೇಲೆ ಕಣ್ಣಿತ್ತು’ ಎಂದು ಬರೆಯಬಹುದು. ಇನ್ನೊಬ್ಬ ‘ಅಲ್ಲ, ನೌಕಾಬಲದ ಹಂಬಲವೇ ದೊಡ್ಡದು’ ಎಂದು 1898ರ ಸ್ಪೇನ್ ಯುದ್ಧ, ಅದರಿಂದ ಕೈಸೇರಿದ ಫಿಲಿಪ್ಪೀನ್ಸ್, ಅದೇ ವರ್ಷ ವಶವಾದ ಹವಾಯಿಯನ್ನು ಮುಂದಿಡಬಹುದು. ಇಬ್ಬರ ಉತ್ತರವೂ ಬೇರೆ. ಆದರೂ ಇಬ್ಬರಿಗೂ 7ಕ್ಕೆ 7 ಸಿಗಬಹುದು. ಏಕೆಂದರೆ ಅಲ್ಲಿ ಅಂಕ ಇರುವುದು ಸ್ಪಷ್ಟ ವಾದಕ್ಕೆ, ಹಿನ್ನೆಲೆಗೆ, ದಾಖಲೆಗಳನ್ನು ಸಾಕ್ಷಿಯಾಗಿ ಬಳಸಿದ್ದಕ್ಕೆ, ಮಾಡಿದ ವಿಶ್ಲೇಷಣೆಗೆ. ಪರೀಕ್ಷಕರು ಯಾವ ಪಕ್ಷ ಹಿಡಿದೆ ಎಂದು ನೋಡುವುದಿಲ್ಲ, ಹಿಡಿದ ಪಕ್ಷವನ್ನು ಹೇಗೆ ಸಮರ್ಥಿಸಿದೆ ಎಂದು ನೋಡುತ್ತಾರೆ.

‘ನಾನು ಬೇರೆಯೇ ಬರೆದೆ, ಕೆಟ್ಟೆ’ ಎಂದು ಗೆಳತಿಯ ಉತ್ತರ ಕೇಳಿ ಅಳುವ ಹುಡುಗಿ ಇಷ್ಟನ್ನು ತಿಳಿದಿದ್ದರೆ ಆ ರಾತ್ರಿ ನಿದ್ದೆ ಮಾಡಬಹುದಿತ್ತು. ಎಪಿ ಪರೀಕ್ಷೆಗಳು ಎರಡು ವಾರ ನಡೆಯುತ್ತವೆ. ಇವತ್ತಿನ ಇತಿಹಾಸದ ಚಿಂತೆ ನಾಳಿನ ಇನ್ನೊಂದು ವಿಷಯವನ್ನು ನುಂಗಬಾರದಲ್ಲ.

ಐಎಎಸ್, ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿರುವ ನಮಗೂ ಇದರಲ್ಲಿ ಕಲಿಯುವುದಿದೆ. ಬಹುಆಯ್ಕೆ ಪ್ರಶ್ನೆಯಲ್ಲಿ ನಾಲ್ಕು ಜನ ‘ಬಿ’ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಅಧಿಕೃತ ಕೀ ಉತ್ತರ ಬರುವವರೆಗೆ ಆ ಲೆಕ್ಕ ಬದಿಗಿಡಿ. ವಿವರಣಾತ್ಮಕ ಪತ್ರಿಕೆಯಾದರೆ ಧಾರಾಳವಾಗಿ ಮಾತನಾಡಿ. ಆದರೆ ‘ಏನು ಬರೆದೆ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಅದಕ್ಕೆ ಯಾವ ಆಧಾರ ಕೊಟ್ಟೆ?’ ಎಂದೂ ಕೇಳಿ. ಗೆಳೆಯನಿಗೆ ಹೊಳೆದು ನಿಮಗೆ ಹೊಳೆಯದ ಒಂದು ಆಧಾರ ಸಿಕ್ಕರೆ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರಯತ್ನಕ್ಕೆ ಅದು ನಿಮ್ಮದೂ ಆಗುತ್ತದೆ.