ಚಪ್ಪಟೆ ಮಸೂರವೂ ಪಂಚರತ್ನಂ ಅವರ ಗೋಳವೂ

ಅನಂತಪುರ ಸೀಮೆಯ ಕುಂದುರ್ಪಿಯ ಕಡೆಯ ಓದುಗರೊಬ್ಬರು, ವೃತ್ತಿಯಿಂದ ಶಾಲಾ ಉಪಾಧ್ಯಾಯರು, ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಮೊಬೈಲಿನೊಳಗಿನ ಮಸೂರವು ಇನ್ನು ಮುಂದೆ ಉಬ್ಬಿದ ಗಾಜಾಗಿರದೆ ಕಾಗದಕ್ಕಿಂತಲೂ ತೆಳುವಾದ ಚಪ್ಪಟೆ ಬಿಲ್ಲೆಯಾಗುವುದೆಂದು ಪತ್ರಿಕೆಯಲ್ಲಿ ಬಂದಿದೆಯಲ್ಲ, ಉಬ್ಬೇ ಇಲ್ಲದ ಮಸೂರವು ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸುವುದೆಂತು ಎಂಬುದು ಮೊದಲನೆಯದು; ಇದನ್ನು ಕಂಡುಹಿಡಿದವರು ಯಾರು ಎಂಬುದು ಎರಡನೆಯದು. ಎರಡನೆಯದಕ್ಕೆ ಪತ್ರಿಕೆಗಳು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದತ್ತ ಬೆರಳು ತೋರುತ್ತವೆ; ಅದು ಸುಳ್ಳಲ್ಲ. ಆದರೆ ಈ ಬಿಲ್ಲೆಗಳ ಒಂದು ಮುಖ್ಯ ಜಾತಿಗೆ ಆಧಾರವಾದ ತತ್ತ್ವವು 1956ರಷ್ಟು ಹಿಂದೆಯೇ, ಕುಂದುರ್ಪಿಯಿಂದ ಅರ್ಧ ದಿನದೊಳಗೆ ಬಸ್ಸಿನಲ್ಲಿ ತಲುಪಬಹುದಾದ ಬೆಂಗಳೂರಿನಲ್ಲಿ, ಇಪ್ಪತ್ತೆರಡರ ಹರೆಯದ ತರುಣನೊಬ್ಬನ ಲೇಖನಿಯಿಂದ ಹೊರಬಂದಿತ್ತೆಂಬುದನ್ನು ಹೇಳುವವರು ವಿರಳ. ಆದಕಾರಣ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಆ ತರುಣರು ಶಿವರಾಮಕೃಷ್ಣನ್ ಪಂಚರತ್ನಂ. 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು ಸರ್ ಸಿ. ವಿ. ರಾಮನ್ ಅವರ ಸೋದರಳಿಯ. ದ್ರವಸ್ಫಟಿಕಗಳ ಸಂಶೋಧನೆಯಿಂದ ಲೋಕವಿಖ್ಯಾತರಾದ ಎಸ್. ಚಂದ್ರಶೇಖರ್ ಅವರ ತಮ್ಮ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೈಗೆತ್ತಿಕೊಂಡ ವಸ್ತುಗಳಲ್ಲಿ ಅಯೊಲೈಟ್ ಎಂಬ ಹರಳೊಂದಿತ್ತು. ಒಂದು ದಿಕ್ಕಿನಿಂದ ನೋಡಿದರೆ ನೀಲಿಯಾಗಿಯೂ ಇನ್ನೊಂದು ದಿಕ್ಕಿನಿಂದ ನೋಡಿದರೆ ಮಾಸಲು ಹಳದಿಯಾಗಿಯೂ ಕಾಣುವ ಈ ಕಲ್ಲು ತನ್ನೊಳಗೆ ಹೊಕ್ಕ ಬೆಳಕನ್ನು ಎರಡು ಬಗೆಯ ಧ್ರುವೀಕರಣಗಳಾಗಿ, ಎಂದರೆ ಅಲೆಯು ಕಂಪಿಸುವ ಎರಡು ಬಗೆಗಳಾಗಿ, ಸೀಳುವುದಷ್ಟೇ ಅಲ್ಲದೆ, ಒಂದಿಷ್ಟನ್ನು ಹೀರಿಯೂಬಿಡುವುದು. ಹೀರುವ ಗುಣದ ದೆಸೆಯಿಂದ ಸೀಳಿದ ಎರಡು ಕಿರಣಗಳ ಧ್ರುವೀಕರಣಗಳು ಪರಸ್ಪರ ಪೂರ್ಣ ಲಂಬವಾಗಿರದೆ, ಆ ಕಿರಣಗಳು ಸಾಧಾರಣ ಹರಳುಗಳಲ್ಲಿ ಅಸಾಧ್ಯವಾದ ರೀತಿಯಲ್ಲಿ ತಮ್ಮತಮ್ಮೊಳಗೇ ವ್ಯತಿಕರಣಗೊಳ್ಳುವುವು, ಎಂದರೆ ಒಂದನ್ನೊಂದು ಹೆಚ್ಚಿಸುವುವು ಇಲ್ಲವೆ ತಗ್ಗಿಸುವುವು. ಹಾಗಾದರೆ ಬೇರೆಬೇರೆ ಧ್ರುವೀಕರಣವುಳ್ಳ ಎರಡು ಅಲೆಗಳು ಪರಸ್ಪರ ‘ಒಂದೇ ಪ್ರಾವಸ್ಥೆಯಲ್ಲಿವೆ’ ಎಂದು, ಎಂದರೆ ಏರಿಳಿತದ ಲಯದಲ್ಲಿ ಹೊಂದಿಕೊಂಡಿವೆ ಎಂದು, ಹೇಳುವುದು ಯಾವಾಗ? ಅವೆರಡನ್ನೂ ಕೂಡಿಸಿದಾಗ ದೊರೆಯುವ ಬೆಳಕು ಗರಿಷ್ಠವಾದಾಗ, ಎಂದರು ಪಂಚರತ್ನಂ. ಮೇಲ್ನೋಟಕ್ಕೆ ಸರಳವಾದ ಈ ವ್ಯಾಖ್ಯೆಯ ಹೊಟ್ಟೆಯಿಂದ ಹೊರಟ ಫಲವು ಸರಳವಾದುದಲ್ಲ: ‘ಅ’ ಎಂಬ ಅಲೆಯು ‘ಆ’ ಎಂಬುದರೊಡನೆಯೂ, ‘ಆ’ ಎಂಬುದು ‘ಇ’ ಎಂಬುದರೊಡನೆಯೂ ಹೊಂದಿದ್ದರೂ, ‘ಇ’ ಎಂಬುದು ‘ಅ’ ಎಂಬುದರೊಡನೆ ಹೊಂದಿರಬೇಕೆಂಬ ನಿಯಮವಿಲ್ಲ!

ಇದನ್ನು ಮನಗಾಣಿಸಲು ನನಗೆ ಬಹು ಪ್ರಿಯವಾದ ದೃಷ್ಟಾಂತವೊಂದುಂಟು. ಕಲ್ಯಾಣದುರ್ಗ, ಕುಂದುರ್ಪಿಗಳ ಬಯಲಿನಲ್ಲಿ ಕಂಬಳಿ ಹೊದ್ದು ಕುರಿ ಕಾಯುವವನೊಬ್ಬನನ್ನು ಭೂಮಧ್ಯರೇಖೆಯ ಮೇಲೆ, ಕುಂದುರ್ಪಿಗೆ ನೇರ ದಕ್ಷಿಣದಲ್ಲಿ, ನಿಲ್ಲಿಸಿದ್ದೇವೆಂದು ಭಾವಿಸೋಣ; ಸಮುದ್ರವೂ ಹಿಮವೂ ಅವನ ನಡಿಗೆಗೆ ಅಡ್ಡಿಯಾಗವೆಂದೂ ಒಪ್ಪಿಕೊಳ್ಳೋಣ. ಅವನ ಕೈಯ ಕೋಲು ನೆಲಕ್ಕೆ ಸಮನಾಗಿ ಉತ್ತರಕ್ಕೆ ಚಾಚಿದೆ. ಅವನಿಗೆ ವಿಧಿಸಿದ ಕಟ್ಟಳೆ ಒಂದೇ: ತಾನು ಯಾವ ಕಡೆಗೆ ತಿರುಗಿದರೂ ಕೋಲನ್ನು ಮಾತ್ರ ತಿರುಗಿಸಕೂಡದು. ಅವನು ನೇರವಾಗಿ ಉತ್ತರಧ್ರುವಕ್ಕೆ ನಡೆಯುವನು. ಅಲ್ಲಿ ಬಲಕ್ಕೆ ಕಾಲುಸುತ್ತು ತಿರುಗಿ, ಕೋಲು ಈಗ ತನ್ನ ಎಡಕ್ಕೆ ಚಾಚಿರುವುದನ್ನು ಹಾಗೆಯೇ ಬಿಟ್ಟು, ಮತ್ತೊಂದು ರೇಖಾಂಶದ ಗುಂಟ ಭೂಮಧ್ಯರೇಖೆಗೆ ಇಳಿಯುವನು. ಅಲ್ಲಿಂದ ಪಶ್ಚಿಮಕ್ಕೆ ಮುಖಮಾಡಿ ಹೊರಟ ಸ್ಥಳಕ್ಕೆ ಮರಳುವನು. ಹೊರಟಾಗ ಉತ್ತರಕ್ಕಿದ್ದ ಕೋಲು ಈಗ ಪೂರ್ವಕ್ಕೆ ಚಾಚಿದೆ! ದಾರಿಯಲ್ಲಿ ಯಾರೂ ಅದನ್ನು ತಿರುಗಿಸಲಿಲ್ಲ. ತಿರುಗಿಸಿದ್ದು ನೆಲದ ದುಂಡುತನ. ಅವನ ನಡಿಗೆ ಭೂಗೋಳದ ಎಂಟನೆಯ ಒಂದು ಪಾಲನ್ನು ಸುತ್ತುಗಟ್ಟಿದ್ದರಿಂದ ತಿರುವು ತೊಂಬತ್ತು ಅಂಶವಾಯಿತು; ಕಿರಿದಾದ ಪಾಲನ್ನು ಸುತ್ತಿದ್ದರೆ ತಿರುವೂ ಅದಕ್ಕೆ ತಕ್ಕಂತೆ ಕಿರಿದಾಗುತ್ತಿತ್ತು. ಎಷ್ಟು ಬೇಗ ನಡೆದನು, ಎಲ್ಲಿ ದಣಿವಾರಿಸಿಕೊಂಡನು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸುತ್ತುಗಟ್ಟಿದ ಕ್ಷೇತ್ರವೊಂದೇ ಲೆಕ್ಕ.

ಬೆಳಕಿಗೂ ಇಂಥದೊಂದು ಗೋಳವುಂಟು. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ 1892ರಲ್ಲಿ ಕಲ್ಪಿಸಿದ ಈ ಗೋಳದ ಮೈಮೇಲಿನ ಒಂದೊಂದು ಬಿಂದುವೂ ಒಂದೊಂದು ಧ್ರುವೀಕರಣ ಸ್ಥಿತಿ: ಎರಡು ಧ್ರುವಗಳಲ್ಲಿ ಎಡಸುತ್ತಿನ ಮತ್ತು ಬಲಸುತ್ತಿನ ಬೆಳಕು, ನಡುಪಟ್ಟಿಯಲ್ಲಿ ಸರಳರೇಖೆಯಲ್ಲಿ ಕಂಪಿಸುವ ಬೆಳಕು, ನಡುವಣ ಎಡೆಯಲ್ಲೆಲ್ಲ ದೀರ್ಘವೃತ್ತಾಕಾರದ್ದು. ಧ್ರುವೀಕರಣವನ್ನು ಈ ಗೋಳದ ಮೇಲೆ ಒಂದು ತ್ರಿಕೋನದ ಸುತ್ತ ಒಯ್ದು ಮೊದಲಿನ ಸ್ಥಿತಿಗೇ ತಂದರೆ, ಬೆಳಕು ತೋರಿಕೆಗೆ ಮೊದಲಿನಂತೆಯೇ ಇದ್ದರೂ, ತ್ರಿಕೋನದ ಘನಕೋನದ, ಎಂದರೆ ಅದು ಸುತ್ತುಗಟ್ಟಿದ ಕ್ಷೇತ್ರದ ಅಳತೆಯ, ಅರ್ಧದಷ್ಟು ಪ್ರಾವಸ್ಥೆಯನ್ನು ಹೊತ್ತು ಬಂದಿರುವುದೆಂದು ಪಂಚರತ್ನಂ ಸಾಧಿಸಿದರು. ಗೋಳದ ಎಂಟನೆಯ ಪಾಲನ್ನು ಸುತ್ತಿದರೆ ಒಂದು ಅಲೆಯ ಎಂಟನೆಯ ಒಂದು ಭಾಗ.

ಈ ಪ್ರಬಂಧವು ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸಿನಲ್ಲಿ ಅಚ್ಚಾಗಿ, ಸುಮಾರು ಮೂರು ದಶಕಗಳ ಕಾಲ ಮರೆಯಲ್ಲಿತ್ತು. ಪಂಚರತ್ನಂ ಅವರಾದರೋ ಕೆಲಸವನ್ನು ನಿಲ್ಲಿಸಲಿಲ್ಲ. 1959ರಲ್ಲಿ ರಾಮನ್ ಅವರೊಡಗೂಡಿ ಮರೀಚಿಕೆಯ ದ್ಯುತಿಶಾಸ್ತ್ರವನ್ನು ಕುರಿತು ಬರೆದರು. ಅನಂತಪುರ ಸೀಮೆಯ ಬೇಸಗೆಯಲ್ಲಿ ಕಾದ ದಾರಿಯ ಮೇಲೆ ಯಾರೂ ಕಾಣದಿರಲಾರದ ಬಿಸಿಲ್ಗುದುರೆಯನ್ನು ಅವರು ಪ್ರಯೋಗಶಾಲೆಯಲ್ಲಿ ಕಾಯಿಸಿದ ಫಲಕದ ಮೇಲೆ ಮೂಡಿಸಿ, ಅದರ ಅಂಚಿನಲ್ಲಿ ವ್ಯತಿಕರಣದ ಪಟ್ಟಿಗಳನ್ನು ಕಂಡರು. ಅಲ್ಲಿನ ವಾದದಲ್ಲಿ ಒಂದು ತಪ್ಪಿದ್ದುದನ್ನೂ, ಕಂಡದ್ದು ಮಾತ್ರ ನಿಜವಾಗಿದ್ದುದನ್ನೂ ಬ್ರಿಸ್ಟಲಿನ ಮೈಕೆಲ್ ಬೆರ್ರಿ 2013ರಲ್ಲಿ ವಿವರಿಸಿ ಬರೆದರು. 1961ರಲ್ಲಿ ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ಹೋದರು. ಬಳಿಕ ಆಕ್ಸ್‌ಫರ್ಡಿಗೆ ತೆರಳಿ, 1969ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಅದೇ ಬೆರ್ರಿ 1984ರಲ್ಲಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಇಂಥದೇ ‘ರೇಖಾಗಣಿತದ ಪ್ರಾವಸ್ಥೆ’ಯನ್ನು ಪ್ರಕಟಿಸಿದಾಗ ಲೋಕವೆಲ್ಲ ಕಿವಿಗೊಟ್ಟಿತು. ಆಗ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು, ಇದರ ಬೆಳಕಿನ ರೂಪವು ಮೂವತ್ತು ವರ್ಷಗಳಷ್ಟು ಹಿಂದೆಯೇ ಇಲ್ಲಿ ಸಿದ್ಧವಾಗಿತ್ತೆಂದು 1986ರ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬೆರ್ರಿ ಸಂಕೋಚಪಡದೆ 1987ರಲ್ಲಿ ಆ ಋಣವನ್ನು ಒಪ್ಪಿ ಲೇಖನ ಬರೆದರು. ದೊಡ್ಡವರ ಲಕ್ಷಣವೆಂದರೆ ಇದು. 1988ರಲ್ಲಿ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರಿನ ನೆರವಿನಿಂದ ಅದನ್ನು ಪ್ರಯೋಗದಲ್ಲಿ ಅಳೆದರು.

ಇನ್ನು ಚಪ್ಪಟೆ ಮಸೂರ. ಈ ತತ್ತ್ವದಿಂದ ಬೆಳಕನ್ನು ಬಾಗಿಸುವ ಫಲಕಗಳನ್ನು ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಎರೆಜ್ ಹಸ್ಮನ್ ಅವರ ತಂಡವು 2002ರಲ್ಲಿ ಪಂಚರತ್ನಂ-ಬೆರ್ರಿ ಎಂಬ ಜೋಡಿ ಹೆಸರಿನಲ್ಲಿಯೇ ಪ್ರಕಟಿಸಿತು. 2016ರಲ್ಲಿ ಹಾರ್ವರ್ಡಿನ ಫೆಡೆರಿಕೊ ಕಪಾಸೊ ಅವರ ತಂಡವು ಕಣ್ಣಿಗೆ ಕಾಣುವ ಬೆಳಕಿಗೇ ಅಂಥ ಮಸೂರವನ್ನು ಮಾಡಿತು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅಸಂಖ್ಯ ಪುಟ್ಟ ರೆಕ್ಕೆಗಳು ಸಾಲುಗಟ್ಟಿ ನಿಂತಿರುವುವು. ಒಂದೊಂದರ ಎತ್ತರ ಕೇವಲ 600 ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಒಂದೇ ಮಸೂರದಲ್ಲಿ ಎಲ್ಲವೂ ಒಂದೇ ಅಳತೆಯವು. ಭೇದವಿರುವುದು ಅವು ನಿಂತ ಕೋನದಲ್ಲಿ ಮಾತ್ರ. ರೆಕ್ಕೆಯೊಂದರಲ್ಲಿ ಹಾದ ಬಲಸುತ್ತಿನ ಬೆಳಕು ಎಡಸುತ್ತಾಗಿ ಹೊರಬರುವುದು, ಎಂದರೆ ಪ್ವಾಂಕರೆಯ ಗೋಳದ ಒಂದು ಧ್ರುವದಿಂದ ಇನ್ನೊಂದಕ್ಕೆ ಪಯಣಿಸುವುದು. ಯಾವ ರೇಖಾಂಶದ ಗುಂಟ ಎಂಬುದನ್ನು ರೆಕ್ಕೆಯ ಕೋನವೇ ಗೊತ್ತುಮಾಡುವುದು. ಎರಡು ರೇಖಾಂಶಗಳ ನಡುವಿನ ಕ್ಷೇತ್ರದಿಂದ ಪ್ರಾವಸ್ಥೆಯ ಅಂತರ ಹುಟ್ಟುವುದಾಗಿ, ರೆಕ್ಕೆಯನ್ನು ಎಷ್ಟು ತಿರುಗಿಸಿದರೆ ಅದರ ಇಮ್ಮಡಿ ಪ್ರಾವಸ್ಥೆ ಕೈಗೆ ಬರುವುದು. ಉಬ್ಬಿದ ಗಾಜು ತನ್ನ ನಡುವಿನ ದಪ್ಪದಿಂದ ಬೆಳಕನ್ನು ತಡೆತಡೆದು ಒಂದು ಬಿಂದುವಿನಲ್ಲಿ ಕೂಡಿಸುವ ಕೆಲಸವನ್ನು ಈ ರೆಕ್ಕೆಗಳು ಬರಿಯ ತಿರುವಿನಿಂದ ಮಾಡಿ ಮುಗಿಸುವುವು.

ಈ ಸಾಧನೆಗೆ ನಾನು ಮನಸಾರೆ ತಲೆಬಾಗುತ್ತೇನೆ; ಆದರೆ ಗಾಜಿನ ಮಸೂರದ ಕಾಲ ಮುಗಿಯಿತೆಂಬ ಉದ್ಘೋಷವನ್ನು ಒಪ್ಪಲಾರೆ. ಶುದ್ಧವಾಗಿ ಈ ತತ್ತ್ವವನ್ನೇ ನಂಬಿದ ಮಸೂರವು ಒಂದು ಸುತ್ತಿನ ಬೆಳಕನ್ನು ಕೂಡಿಸಿದರೆ ಇನ್ನೊಂದು ಸುತ್ತಿನದನ್ನು ಚದುರಿಸುವುದು. ಒಂದು ಬಣ್ಣಕ್ಕೆ ರೂಪಿಸಿದ್ದು ಬೇರೆ ಬಣ್ಣವನ್ನು ಬೇರೆ ದೂರದಲ್ಲಿ ಕೂಡಿಸುವುದು. 2016ರ ಮಸೂರಗಳನ್ನು 405, 532, 660 ನ್ಯಾನೊಮೀಟರುಗಳ ತರಂಗಾಂತರಗಳಿಗೆ ಬೇರೆಬೇರೆಯಾಗಿ ರಚಿಸಿದ್ದು ಈ ಕಾರಣದಿಂದಲೇ. 2018ರಲ್ಲಿ ಅದೇ ತಂಡವು 470ರಿಂದ 670 ನ್ಯಾನೊಮೀಟರಿನವರೆಗೆ ಈ ದೋಷವನ್ನು ನೀಗಿಸಿತಾದರೂ ಆ ಮಸೂರದ ಅಗಲ ಮಿಲಿಮೀಟರಿನ ಒಂದು ಅತ್ಯಲ್ಪ ಅಂಶ. ಚಪ್ಪಟೆ ದ್ಯುತಿಫಲಕಗಳು 2022ರಿಂದ ಮಾರುಕಟ್ಟೆಗೆ ಬಂದಿರುವುದು ದಿಟ. ಅವು ಬಂದದ್ದು ಅದೃಶ್ಯ ಅವಕೆಂಪು ಬೆಳಕಿನಿಂದ ದೂರವನ್ನು ಅಳೆಯುವ ಸಂವೇದಕಗಳಲ್ಲಿಯೇ ಹೊರತು, ಮದುವೆಯ ಫೋಟೊ ತೆಗೆಯುವ ಕ್ಯಾಮೆರಾದ ಮಸೂರವಾಗಿ ಅಲ್ಲ. ಅಲ್ಲದೆ ಚಪ್ಪಟೆ ಫಲಕಗಳೆಲ್ಲವೂ ಪಂಚರತ್ನಂ ಅವರ ತತ್ತ್ವವನ್ನೇ ಅವಲಂಬಿಸಿದವಲ್ಲ. ರೆಕ್ಕೆ, ಕಂಬಗಳ ಗಾತ್ರವನ್ನು ಬದಲಿಸಿ ಅದೇ ಫಲವನ್ನು ಪಡೆಯುವ ಮಾರ್ಗವೂ ಉಂಟು.

ಭೌತಶಾಸ್ತ್ರವನ್ನು ಬೋಧಿಸುವ ನಮ್ಮ ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟು. 1956ರ ಆ ಮೂಲ ಪ್ರಬಂಧವು ಅಕಾಡೆಮಿಯ ಪ್ರೊಸೀಡಿಂಗ್ಸಿನ ‘ಎ’ ವಿಭಾಗದ 44ನೆಯ ಸಂಪುಟದಲ್ಲಿದ್ದು, ಅಂತರಜಾಲದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುವುದು. ಅದರ ಗೋಳೀಯ ತ್ರಿಕೋನಮಿತಿಯು ಪದವಿ ತರಗತಿಯ ವಿದ್ಯಾರ್ಥಿಯ ಅಳವನ್ನು ಮೀರಿದುದಲ್ಲ. ತರಗತಿಯಲ್ಲಿ ಅದನ್ನು ಒಮ್ಮೆ ತೆರೆದು, ವಿದ್ಯಾರ್ಥಿಗಳೊಡನೆ ಕುಳಿತು ಓದಿರಿ.