ಸಣ್ಣ ಪ್ರಾಥಮಿಕ ಶಾಲೆಯ ಜೀವನದಲ್ಲಿ ಕುಟುಂಬದ ಪಾಲು: ಬೆಂಗಳೂರಿನ ದಂಡು ಮತ್ತು ಪೂರ್ವಭಾಗವನ್ನು ಕುರಿತು

ಶಾಲೆಯ ಜೀವನದಲ್ಲಿ ಮಕ್ಕಳ ತಾಯಿತಂದೆಗಳಿಗೆ ಪಾಲಿರಬೇಕೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಪಾಲು ಯಾವ ರೂಪದ್ದು, ಅದನ್ನು ಅಳೆಯುವುದು ಹೇಗೆ, ಅದು ಕಾಣದಿದ್ದಲ್ಲಿ ದೋಷವು ಮನೆಯದೋ ಶಾಲೆಯದೋ ಎಂಬ ಪ್ರಶ್ನೆಗಳು ಎದ್ದಾಗ ಒಮ್ಮತವಿರುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಸಣ್ಣ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಮುಂದಿಟ್ಟುಕೊಂಡು ವಿವೇಚಿಸುತ್ತೇವೆ.

ಸಣ್ಣ ಶಾಲೆಯೆಂದರೆ ಯಾವುದು? ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, ೬೧ರಿಂದ ೯೦ರವರೆಗೆ ಮೂವರು ಇರತಕ್ಕದ್ದು. ಈ ಇಬ್ಬರು ಮೂವರು ಉಪಾಧ್ಯಾಯರ ಶಾಲೆಯನ್ನೇ ನಾವಿಲ್ಲಿ ಸಣ್ಣ ಶಾಲೆಯೆಂದು ಕರೆಯುತ್ತೇವೆ. ಅಲ್ಲಿ ಒಬ್ಬರು ಇಲಾಖೆಯ ಕೆಲಸಕ್ಕೆ ಹೊರಟರೆ ಉಳಿದವರು ಐದೂ ತರಗತಿಗಳನ್ನು ನೋಡಿಕೊಳ್ಳಬೇಕು. ಹತ್ತು ಮಕ್ಕಳು ಬೇರೆಡೆಗೆ ಹೋದರೆ ಒಂದು ಹುದ್ದೆಗೇ ಸಂಚಕಾರ ಬರಬಹುದು. ಇನ್ನೂ ಇಳಿದರೆ ಶಾಲೆಯನ್ನು ಮತ್ತೊಂದರಲ್ಲಿ ಸೇರಿಸುವ ಮಾತು ಹುಟ್ಟುತ್ತದೆ. ಆದಕಾರಣ ನೆರೆಹೊರೆಯ ಕುಟುಂಬಗಳ ವಿಶ್ವಾಸವು ಇಂಥ ಶಾಲೆಗೆ ಅಲಂಕಾರವಲ್ಲ. ಅದರ ಅಳಿವು ಉಳಿವುಗಳ ಪ್ರಶ್ನೆ.

ಮೊದಲು ಪ್ರದೇಶದ ಸ್ವರೂಪವನ್ನು ಗಮನಿಸೋಣ. ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ೧೮೦೯ರಲ್ಲಿ ಇಲ್ಲಿ ನೆಲೆಗೊಂಡಿತು. ಸೈನ್ಯದ ಅಗತ್ಯಗಳನ್ನು ಪೂರೈಸಲು ಬಂದ ವರ್ತಕರು, ಕುಶಲಕರ್ಮಿಗಳು, ಆಳುಕಾಳುಗಳು ಬೀಡುಬಿಟ್ಟಲ್ಲೆಲ್ಲ ಕೇರಿಗಳು ಬೆಳೆದವು. ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳು ಅಲ್ಲಿ ಕನ್ನಡದೊಡನೆ, ಅನೇಕ ಕಡೆ ಕನ್ನಡಕ್ಕಿಂತ ಮುಂದಾಗಿ, ಬಳಕೆಯಲ್ಲಿದ್ದವು. ಈ ಪ್ರದೇಶವು ೧೯೪೭ರ ಜುಲೈಯಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಒಂದಾಗಿ ನಗರ ಕಾರ್ಪೊರೇಷನ್ ಆಯಿತು. ಹಲಸೂರಾದರೋ ದಂಡಿಗಿಂತ ಹಳೆಯ ಊರು. ಸೋಮೇಶ್ವರ ದೇವಾಲಯವೇ ಅದಕ್ಕೆ ಸಾಕ್ಷಿ. ಇಂದಿರಾನಗರವು ಬಹಳ ಈಚಿನದು. ಆದರೆ ಅದರ ಒಡಲಲ್ಲಿ ಬಿನ್ನಮಂಗಲದಂಥ ಹಳೆಯ ಹಳ್ಳಿಗಳು ಅಡಗಿವೆ. ಕೃಷ್ಣರಾಜಪುರವು ೨೦೦೭ರವರೆಗೆ ಪ್ರತ್ಯೇಕ ನಗರಸಭೆಯಾಗಿತ್ತು. ಹೀಗೆ ನಾಲ್ಕು ಬಡಾವಣೆಗಳು ನಾಲ್ಕು ಬಗೆಯವು. ‘ಊರಿನ ಶಾಲೆ’ ಎಂದಾಗ ಇಲ್ಲಿ ಊರು ಯಾವುದು ಎಂಬುದೇ ಮೊದಲನೆಯ ಪ್ರಶ್ನೆಯಾಗುತ್ತದೆ.

ಕಾನೂನು ಪೋಷಕರನ್ನು ಕಂಡ ಬಗೆಯು ಕಾಲಕ್ರಮದಲ್ಲಿ ಬದಲಾಗಿದೆ. ೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯಲ್ಲಿ ಮಗುವನ್ನು ಶಾಲೆಗೆ ಕಳುಹಿಸುವುದು ಪೋಷಕನ ಕರ್ತವ್ಯ, ತಪ್ಪಿದರೆ ದಂಡ. ೧೯೬೪–೬೬ರ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಯ ತತ್ತ್ವವನ್ನು ಮುಂದಿಟ್ಟಿತು: ಒಂದು ಕೇರಿಯ ಎಲ್ಲ ವರ್ಗದ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿತರೆ ಮಾತ್ರ ಆ ಶಾಲೆಯು ಚೆನ್ನಾಗಿರಬೇಕೆಂಬ ಕಳಕಳಿ ಎಲ್ಲರಿಗೂ ಹುಟ್ಟುತ್ತದೆ ಎಂಬುದು ಅದರ ಸಾರ. ೨೦೦೧ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರವು ಡಾ. ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಶಿಕ್ಷಣ ಹಕ್ಕು ಕಾಯಿದೆಯ ೨೧ನೆಯ ಪ್ರಕರಣವು ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿತು. ಅಪ್ಪಣೆಗೆ ಒಳಪಟ್ಟಿದ್ದ ಪೋಷಕನು ನಲವತ್ತು ಐವತ್ತು ವರ್ಷಗಳಲ್ಲಿ ಮೇಲ್ವಿಚಾರಕನ ಸ್ಥಾನಕ್ಕೆ ಏರಿದನು. ಇದು ದೊಡ್ಡ ಮಾತೇ ಸರಿ.

ಆದರೆ ಈ ವ್ಯವಸ್ಥೆಯ ಹಿಂದಿರುವ ಕಲ್ಪನೆಯು ಬಹುಮಟ್ಟಿಗೆ ಹಳ್ಳಿಯದು. ಹಳ್ಳಿಯಲ್ಲಿ ಪೋಷಕರು ಪರಸ್ಪರ ಬಲ್ಲವರು. ಶಾಲೆ ಕಣ್ಣೆದುರಿಗೇ ಇರುತ್ತದೆ. ಗ್ರಾಮ ಪಂಚಾಯಿತಿಯೂ ಸಮೀಪದಲ್ಲಿಯೇ ಇರುತ್ತದೆ. ನಗರದ ಸ್ಥಳೀಯ ಸಂಸ್ಥೆಯಾದರೋ ೧೯೪೯, ೨೦೦೭, ೨೦೨೫ ಹೀಗೆ ಮತ್ತೆ ಮತ್ತೆ ರೂಪಾಂತರ ಹೊಂದಿ, ಕೇರಿಯ ಕುಟುಂಬಕ್ಕೆ ದೂರದ ಕಚೇರಿಯಾಗಿಯೇ ಉಳಿದಿದೆ. ಬಿಸಿಯೂಟದ ಉದಾಹರಣೆಯು ಈ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ೨೦೦೨ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಅಡುಗೆಯವರು ಆಯಾ ಊರಿನ ಹೆಂಗಸರೇ. ಅನೇಕರು ಅದೇ ಶಾಲೆಯ ಮಕ್ಕಳ ತಾಯಂದಿರು. ಹೀಗೆ ಅಡುಗೆಮನೆಯು ತಾಯಂದಿರಿಗೆ ಶಾಲೆಯ ಒಳಬಾಗಿಲಾಯಿತು. ಬೆಂಗಳೂರಿನಲ್ಲಾದರೋ ೨೦೦೦ದಲ್ಲಿ ಆರಂಭವಾದ ಅಕ್ಷಯ ಪಾತ್ರ ಪ್ರತಿಷ್ಠಾನದಂಥ ಸಂಸ್ಥೆಗಳ ಕೇಂದ್ರ ಪಾಕಶಾಲೆಗಳಿಂದ ಅನೇಕ ಶಾಲೆಗಳಿಗೆ ಊಟವು ವಾಹನದಲ್ಲಿ ಬರುತ್ತದೆ. ಇದರಿಂದ ಶುಚಿತ್ವಕ್ಕೂ ಮಿತವ್ಯಯಕ್ಕೂ ಅನುಕೂಲವುಂಟು. ಆದರೆ ಆ ಒಳಬಾಗಿಲು ಮಾತ್ರ ಮುಚ್ಚಿಹೋಯಿತು.

ಕುಟುಂಬವು ಶಾಲೆಯಿಂದ ದೂರವಿರುವಂತೆ ತೋರುವುದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಕಾಲ. ರಸೆಲ್ ಮಾರುಕಟ್ಟೆಯ ಸುತ್ತ ಹೂವು, ಹಣ್ಣು, ಮೀನು ಮಾರುವವರಿಗೆ ದಿನವು ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಇಂದಿರಾನಗರದಲ್ಲಿ ಮನೆಗೆಲಸ ಮಾಡುವ ತಾಯಿಗೆ ಬೆಳಗಿನ ಹೊತ್ತೇ ಬಿಡುವಿಲ್ಲದ ಹೊತ್ತು. ಕೃಷ್ಣರಾಜಪುರದ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವನಿಗೆ ಹನ್ನೊಂದು ಗಂಟೆಯ ಸಭೆಯೆಂದರೆ ಅಂದಿನ ಕೂಲಿಯೇ ಹೋದಂತೆ. ಸಭೆಗೆ ಬಾರದವನನ್ನು ಆಸಕ್ತಿಯಿಲ್ಲದವನೆಂದು ಬರೆದಿಡುವ ಮೊದಲು ಸಭೆಯ ಬೆಲೆಯನ್ನು ಯಾರು ತೆರುತ್ತಾರೆಂದು ಕೇಳಬೇಕು.

ಎರಡನೆಯದು ಭಾಷೆ. ಮನೆಯಲ್ಲಿ ತಮಿಳು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ತಾಯಿತಂದೆಗಳ ಆಸೆಯಲ್ಲಿ ಇಂಗ್ಲಿಷು, ಇದು ಇಲ್ಲಿಯ ಸಾಮಾನ್ಯ ಸ್ಥಿತಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಸಂವಿಧಾನದ ೩೫೦–ಎ ವಿಧಿಯು ಅಲ್ಪಸಂಖ್ಯಾತ ಭಾಷಿಕರಿಗೆ ೧೯೫೬ರಲ್ಲಿಯೇ ಸೂಚಿಸಿದೆ; ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯಿದೆಯು ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಕಲಿಸಬೇಕೆಂದಿದೆ. ಎರಡೂ ಯುಕ್ತವಾದುವೇ. ಆದರೆ ಕನ್ನಡದಲ್ಲಿ ಬರೆದು ಕಳುಹಿಸಿದ ಸೂಚನೆಯನ್ನು ಓದಲಾರದ ಮನೆಯಲ್ಲಿ ಅದನ್ನು ಓದಿ ಹೇಳುವವನು ಮಗುವೇ. ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ಓದಿ ಹೇಳಬೇಕಾದ ಬಾಲಕನು ಎಷ್ಟನ್ನು ಹೇಳಿಯಾನು, ಎಷ್ಟನ್ನು ಬಿಟ್ಟಾನು!

ಮೂರನೆಯದು ವಸತಿ. ರಾಯಚೂರು, ಕಲಬುರಗಿ, ಯಾದಗಿರಿಗಳಿಂದಲೂ ಹೊರ ರಾಜ್ಯಗಳಿಂದಲೂ ಕೆಲಸಕ್ಕೆ ಬಂದವರು ಕೆಲಸವಿದ್ದಲ್ಲಿಗೆ ಗುಡಿಸಲನ್ನು ಸಾಗಿಸುತ್ತಾರೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಶಾಲಾಭಿವೃದ್ಧಿ ಯೋಜನೆಯು ಮೂರು ವರ್ಷಗಳದು. ಕುಟುಂಬದ ವಾಸವು ಕೆಲವೊಮ್ಮೆ ಮೂರು ತಿಂಗಳದು. ಐದನೆಯ ತರಗತಿಗೇ ಮುಗಿಯುವ ಶಾಲೆಯಲ್ಲಿ ನೆಲೆನಿಂತ ಪೋಷಕರು ಕೂಡ ಸಮಿತಿಯ ಕೆಲಸವನ್ನು ಕಲಿತುಕೊಳ್ಳುವಷ್ಟರಲ್ಲಿ ಅವರ ಮಗು ಶಾಲೆಯನ್ನು ಬಿಟ್ಟಿರುತ್ತದೆ.

ಇಷ್ಟಾದರೂ ಈ ಕುಟುಂಬಗಳಿಗೆ ಶಾಲೆಯ ಜೀವನದಲ್ಲಿ ಪಾಲಿಲ್ಲವೆಂದು ಹೇಳಲಾಗದು. ಅಮೆರಿಕದ ಸಮಾಜವಿಜ್ಞಾನಿ ಜಾಯ್ಸ್ ಎಪ್ಸ್ಟೈನ್ ಅವರು ಕುಟುಂಬದ ಪಾಲನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಮಗುವಿನ ಪಾಲನೆ, ಶಾಲೆಯೊಡನೆ ಸಂಪರ್ಕ, ಸ್ವಯಂಸೇವೆ, ಮನೆಯಲ್ಲಿನ ಕಲಿಕೆ, ನಿರ್ಣಯಗಳಲ್ಲಿ ಭಾಗ, ಸಮುದಾಯದೊಡನೆ ಸಹಕಾರ. ನಮ್ಮ ದಾಖಲೆಪುಸ್ತಕಗಳು ಎಣಿಸುವುದು ಹೆಚ್ಚಾಗಿ ಐದನೆಯದನ್ನು, ಅದೂ ಸಭೆಯ ಸಹಿಗಳ ಮೂಲಕ. ಕೆಲಸಕ್ಕೆ ಹೊರಡುವ ಮೊದಲು ಮಗುವಿನ ತಲೆ ಬಾಚಿ ಶಾಲೆಯ ಬಾಗಿಲವರೆಗೆ ಬಿಟ್ಟುಹೋಗುವ ತಾಯಿ, ಪಕ್ಕದ ಮನೆಯ ಮಕ್ಕಳನ್ನೂ ಜೊತೆಗೆ ಕರೆತರುವ ಅಜ್ಜಿ, ತಮ್ಮನ ಪಾಠವನ್ನು ಒಪ್ಪಿಸಿಕೊಳ್ಳುವ ಅಕ್ಕ, ಇವರ ಪಾಲು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಅಮೆರಿಕದವರೇ ಆದ ಅನೆಟ್ ಲರೋ ಅವರು ೧೯೮೯ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ದುಡಿಯುವ ವರ್ಗದ ತಾಯಿತಂದೆಗಳು ಕಲಿಕೆಯನ್ನು ಉಪಾಧ್ಯಾಯರಿಗೆ ಒಪ್ಪಿಸಿಬಿಡುವುದು ಉದಾಸೀನದಿಂದಲ್ಲ. ಅದು ಬಲ್ಲವರ ಕೆಲಸವೆಂಬ ಗೌರವದಿಂದ. ನಮ್ಮ ಕೇರಿಗಳಿಗೂ ಈ ಮಾತು ಸಲ್ಲುತ್ತದೆ.

ಸಮುದಾಯದ ಜೀವನವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಹಲಸೂರಿನ ಪಲ್ಲಕ್ಕಿ ಉತ್ಸವ, ಸೆಪ್ಟೆಂಬರ್ ೮ರಂದು ಶಿವಾಜಿನಗರದಲ್ಲಿ ನಡೆಯುವ ಸಂತ ಮೇರಿಯಮ್ಮನ ಹಬ್ಬ, ರಂಜಾನ್ ತಿಂಗಳು, ಇವು ಇಡೀ ಕೇರಿಯ ದಿನಚರಿಯನ್ನೇ ಬದಲಿಸುತ್ತವೆ. ಶಾಲೆಯು ಇವನ್ನು ಹಾಜರಿಗೆ ಅಡ್ಡಿಯೆಂದು ಮಾತ್ರ ಎಣಿಸಬಹುದು. ಇಲ್ಲವೆ ಮಕ್ಕಳು ಒಬ್ಬರ ಹಬ್ಬವನ್ನು ಇನ್ನೊಬ್ಬರಿಗೆ ಕನ್ನಡದಲ್ಲಿ ವರ್ಣಿಸುವ ಪಾಠವನ್ನಾಗಿ ಮಾಡಿಕೊಳ್ಳಬಹುದು. ಎರಡನೆಯ ದಾರಿಯಲ್ಲಿ ಕನ್ನಡವೂ ಬೆಳೆಯುತ್ತದೆ, ಮನೆಯೂ ಶಾಲೆಯೊಳಕ್ಕೆ ಬರುತ್ತದೆ.

ಈ ಬಾಂಧವ್ಯವನ್ನು ಸಡಿಲಿಸಿದ ಇನ್ನೆರಡು ಸಂಗತಿಗಳನ್ನು ಹೇಳಬೇಕು. ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳ ಶೇಕಡ ೨೫ ಸ್ಥಾನಗಳು ೨೦೧೨–೧೩ರಿಂದ ಬಡಮಕ್ಕಳಿಗೆ ತೆರೆದಾಗ, ಹೆಚ್ಚು ಆಸ್ಥೆಯುಳ್ಳ ಪೋಷಕರೇ ಮೊದಲು ಸರ್ಕಾರಿ ಶಾಲೆಯನ್ನು ಬಿಡುವುದು ಸಹಜವಾಯಿತು. ೨೦೧೯ರ ಜನವರಿಯಲ್ಲಿ ನಿಯಮವನ್ನು ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೌಲಭ್ಯವಿಲ್ಲವೆಂದು ಮಾಡಲಾಯಿತು. ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ವಿಶ್ವಾಸವು ಹುಟ್ಟುವುದಿಲ್ಲ. ಎರಡನೆಯದು ದಾನಿಗಳನ್ನು ನೆಚ್ಚುವುದು. ೨೦೧೯ರ ಜೂನ್‌ನಲ್ಲಿ ನಗರದ ಒಂದು ಖಾಸಗಿ ಹಣಹೂಡಿಕೆ ಸಂಸ್ಥೆಯು ಕುಸಿದಾಗ, ಅದರ ನೆರವನ್ನು ನೆಚ್ಚಿದ್ದ ಶಿವಾಜಿನಗರದ ಸರ್ಕಾರಿ ಶಾಲೆಯೊಂದು ಇಕ್ಕಟ್ಟಿಗೆ ಸಿಲುಕಿತು. ದಾನವು ಕಟ್ಟಡವನ್ನು ಕೊಟ್ಟೀತು. ಆದರೆ ಪೋಷಕರು ಬರಿಯ ಪ್ರೇಕ್ಷಕರಾಗಿ ಉಳಿದರೆ ದಾನಿಯು ಹೊರಟಮೇಲೆ ಶಾಲೆಯ ಪರವಾಗಿ ಮಾತನಾಡುವವರು ಇರುವುದಿಲ್ಲ.

ಹಾಗಾದರೆ ಮಾಡತಕ್ಕುದೇನು? ಸಭೆಯನ್ನು ಸಂಜೆಗೋ ರಜೆಯ ದಿನಕ್ಕೋ ಇಡುವುದು. ಉಪಾಧ್ಯಾಯರು ವರ್ಷದಲ್ಲಿ ಒಮ್ಮೆಯಾದರೂ ಕೇರಿಗೆ ಹೋಗಿ ಬರುವುದು. ಸೂಚನೆಯನ್ನು ಬರಹದಲ್ಲಲ್ಲದೆ ಬಾಯಿಮಾತಿನಲ್ಲಿ, ಮನೆಯ ಭಾಷೆ ಬಲ್ಲ ಪೋಷಕರೊಬ್ಬರ ಮೂಲಕ, ತಲುಪಿಸುವುದು. ಬಂದ ಊಟವನ್ನು ಸರದಿಯಂತೆ ಒಬ್ಬ ತಾಯಿ ರುಚಿನೋಡುವುದು. ಶಾಲೆ ಬಿಟ್ಟ ಮಕ್ಕಳ ಪೋಷಕರನ್ನು ಹೊಸ ಸದಸ್ಯರಿಗೆ ಸಲಹೆಗಾರರನ್ನಾಗಿ ಉಳಿಸಿಕೊಳ್ಳುವುದು. ಇವುಗಳಲ್ಲಿ ಹೆಚ್ಚು ಹಣ ಬೇಡುವಂಥದು ಯಾವುದೂ ಇಲ್ಲ. ಉಪಾಧ್ಯಾಯರ ಸಮಯವನ್ನು ಮಾತ್ರ ಎಲ್ಲವೂ ಬೇಡುತ್ತವೆ. ಇಬ್ಬರೇ ಉಪಾಧ್ಯಾಯರಿರುವಲ್ಲಿ ಆ ಸಮಯವು ಬರಬೇಕಾದರೆ ಇಲಾಖೆಯು ಬೇರೆ ಕೆಲಸಗಳ ಹೊರೆಯನ್ನು ಇಳಿಸಬೇಕು.

ಕುಟುಂಬವು ಶಾಲೆಗೆ ಬರುವುದಿಲ್ಲವೆಂಬ ದೂರು ನಮ್ಮಲ್ಲಿ ಹಳೆಯದು. ಶಾಲೆಯು ಕುಟುಂಬದ ಕಡೆಗೆ ಎಷ್ಟು ಹೆಜ್ಜೆ ಇಟ್ಟಿದೆ ಎಂಬ ಲೆಕ್ಕವನ್ನು ನಾವು ಇನ್ನೂ ಇಟ್ಟಿಲ್ಲ. ದಂಡಿನ ಸಣ್ಣ ಶಾಲೆಗಳನ್ನು ಉಳಿಸುವ ಪ್ರಯತ್ನವು ಆ ಲೆಕ್ಕದಿಂದ ಮೊದಲಾಗಬೇಕೆಂದು ನಾವು ಭಾವಿಸುತ್ತೇವೆ.